ರಾತ್ರಿ ಎರಡು ಗಂಟೆಗೆ ಲಾರಿ ಎಲ್ಲಿತ್ತು? ಹೊಸಕೋಟೆಯ ಸಾಗಣೆ ಸಂಸ್ಥೆಯೊಂದರ ಭದ್ರತಾ ಪ್ರಮಾಣಪತ್ರದ ಪ್ರಕರಣ

2023ರ ಜುಲೈನಲ್ಲಿ ಹೊಸಕೋಟೆಯ ಲಾರಿ ಮಾಲೀಕರೊಬ್ಬರು ಫೋನ್ ಮಾಡಿ, "ಒಂದು ಕಾಗದ ಬಂದಿದೆ ಸಾರ್. ಇಂಗ್ಲಿಷ್ ಅರ್ಥವಾಗುತ್ತದೆ, ವಿಷಯ ಅರ್ಥವಾಗುತ್ತಿಲ್ಲ. ಒಮ್ಮೆ ಬಂದು ನೋಡಿ" ಎಂದರು. ಹೋಗಿ ನೋಡಿದೆ. ಮೊಬೈಲ್ ಫೋನ್ ವಿತರಿಸುವ ಅವರ ದೊಡ್ಡ ಗ್ರಾಹಕ ಸಂಸ್ಥೆ ಬರೆದ ಪತ್ರ ಅದು. ಮುಂದಿನ ಏಪ್ರಿಲ್‌ನಿಂದ ಟಾಪಾ ಸಂಸ್ಥೆಯ ಟಿಎಸ್‌ಆರ್ ಎರಡನೇ ಹಂತದ ಪ್ರಮಾಣಪತ್ರ ಇಲ್ಲದವರಿಗೆ ಲೋಡ್ ಕೊಡುವುದಿಲ್ಲ ಎಂಬುದು ಅದರ ಸಾರಾಂಶ. ಬಾಡಿಗೆ ಹೆಚ್ಚಿಸುವ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ಸಂಸ್ಥೆ ದೊಡ್ಡದೇನಲ್ಲ. ಇವರ ತಂದೆ ಒಂದೇ ಲಾರಿಯನ್ನು ತಾವೇ ಓಡಿಸಿಕೊಂಡು ಆರಂಭಿಸಿದ್ದು, ಈಗ 22 ಲಾರಿಗಳಾಗಿವೆ. ಅವುಗಳಲ್ಲಿ 8 ಕಂಟೈನರ್ ಲಾರಿಗಳು ಈ ಗ್ರಾಹಕರಿಗಾಗಿಯೇ ಹೊಸಕೋಟೆಯಿಂದ ಮುಂಬೈ ಬಳಿಯ ಭಿವಂಡಿಗೆ ಓಡುತ್ತವೆ. ದಾರಿ ಸುಮಾರು ಸಾವಿರ ಕಿಲೋಮೀಟರ್. ಸಂಸ್ಥೆಯ ಆದಾಯದ ಅರ್ಧಕ್ಕಿಂತ ಹೆಚ್ಚು ಪಾಲು ಈ 8 ಲಾರಿಗಳಿಂದ. ಹಾಗಾಗಿ ಬೇಡ ಎನ್ನುವ ಸ್ಥಿತಿಯಲ್ಲಿ ಅವರು ಇರಲಿಲ್ಲ. ಒಂದು ವರ್ಷ ಅವರ ಜೊತೆ ನಿಂತು ಈ ಕೆಲಸ ಮಾಡಿಸಿದೆ. ಹೆಸರುಗಳನ್ನೂ ಲಾರಿಗಳು ತಂಗುವ ಜಾಗಗಳ ನಿಖರ ಗುರುತನ್ನೂ ಬಿಟ್ಟು, ಉಳಿದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ. ಇಂಥದ್ದೇ ಪತ್ರ ಕೈಯಲ್ಲಿ ಹಿಡಿದು ಕೂತಿರುವ ಮಾಲೀಕರು ಇನ್ನೂ ಅನೇಕರಿದ್ದಾರೆ, ಅವರಿಗೆ ಉಪಯೋಗವಾಗಲಿ ಎಂಬುದೇ ಉದ್ದೇಶ.

ಏನಿದು ಪ್ರಮಾಣಪತ್ರ

ಟಾಪಾ ಎಂದರೆ ಟ್ರಾನ್ಸ್‌ಪೋರ್ಟೆಡ್ ಅಸೆಟ್ ಪ್ರೊಟೆಕ್ಷನ್ ಅಸೋಸಿಯೇಷನ್. 1997ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸಂಘ. ಕಂಪ್ಯೂಟರ್, ಚಿಪ್, ಫೋನ್ ತಯಾರಿಸುವ ಕಂಪನಿಗಳು ತಮ್ಮ ಸರಕು ದಾರಿಯಲ್ಲಿ ಕಳುವಾಗುವುದನ್ನು ತಡೆಯಲಾಗದೆ ಒಟ್ಟು ಸೇರಿ ಕಟ್ಟಿಕೊಂಡದ್ದು. ಇದು ಸರ್ಕಾರದ ಕಾನೂನಲ್ಲ. ಸರಕಿನ ಒಡೆಯರು ಸಾಗಣೆದಾರರ ಮುಂದಿಡುವ ಷರತ್ತು. ಗೋದಾಮಿಗೆ ಎಫ್‌ಎಸ್‌ಆರ್, ರಸ್ತೆ ಸಾಗಣೆಗೆ ಟಿಎಸ್‌ಆರ್, ಲಾರಿ ನಿಲುಗಡೆ ಜಾಗಕ್ಕೆ ಪಿಎಸ್‌ಆರ್ ಎಂದು ಬೇರೆ ಬೇರೆ ಮಾನದಂಡಗಳಿವೆ. ಟಿಎಸ್‌ಆರ್‌ನಲ್ಲಿ ಮೂರು ಹಂತ, ಒಂದನೆಯದು ಅತಿ ಬಿಗಿ. ಮೇಲಿನ ಎರಡು ಹಂತಗಳಿಗೆ ಹೊರಗಿನ ಸ್ವತಂತ್ರ ಪರಿಶೋಧಕರೇ ಬಂದು ನೋಡಬೇಕು. ಪ್ರಮಾಣಪತ್ರ ಮೂರು ವರ್ಷ ನಡೆಯುತ್ತದೆ, ನಡುವಿನ ವರ್ಷಗಳಲ್ಲಿ ಸಂಸ್ಥೆಯೇ ತನ್ನನ್ನು ತಾನು ಪರಿಶೀಲಿಸಿ ವರದಿ ಕೊಡಬೇಕು.

ನಮ್ಮ ಕಡೆ ಇದರ ಮಾತು ಹಠಾತ್ತನೆ ಏಕೆ ಜೋರಾಯಿತು ಎಂದು ಮಾಲೀಕರಿಗೆ ಬಿಡಿಸಿ ಹೇಳಬೇಕಾಗಿಯೇ ಇರಲಿಲ್ಲ. 2020ರ ಆಗಸ್ಟ್‌ನಲ್ಲಿ ಚಿತ್ತೂರು ಜಿಲ್ಲೆಯ ನಗರಿ ಬಳಿ, ಅಕ್ಟೋಬರ್‌ನಲ್ಲಿ ಕೃಷ್ಣಗಿರಿ ಜಿಲ್ಲೆಯ ಶೂಲಗಿರಿ ಬಳಿ, ಮರು ವರ್ಷ ಆಗಸ್ಟ್‌ನಲ್ಲಿ ನಮ್ಮದೇ ಕೋಲಾರ ಜಿಲ್ಲೆಯ ಮುಳಬಾಗಿಲು ಬಳಿ ಮೊಬೈಲ್ ತುಂಬಿದ ಲಾರಿಗಳನ್ನು ಅಡ್ಡಗಟ್ಟಿ ದೋಚಿದ್ದರು. ಮುಳಬಾಗಿಲಿನ ಒಂದು ಲಾರಿಯಲ್ಲೇ ಆರು ಕೋಟಿ ರೂಪಾಯಿಗೂ ಮಿಕ್ಕಿದ ಸರಕಿತ್ತು. ಚಾಲಕರನ್ನು ಹೊಡೆದು ಕಟ್ಟಿಹಾಕುವುದು, ಸರಕನ್ನು ಇನ್ನೊಂದು ಲಾರಿಗೆ ತುಂಬಿಸಿಕೊಂಡು ಹೋಗುವುದು ಇಂಥ ದರೋಡೆಗಳ ರೀತಿ. ಹೊಸಕೋಟೆಯ ಪ್ರತಿ ಸಾಗಣೆ ಕಚೇರಿಯಲ್ಲೂ ಇವುಗಳ ಕಥೆ ಗೊತ್ತು.

ಮಾಲೀಕರಿಗೆ ಗೊತ್ತಿಲ್ಲದ್ದು ತಮ್ಮ ಹೊಣೆ ಎಷ್ಟು ಎಂಬುದು. "ಸರಕಿಗೆ ವಿಮೆ ಇದೆಯಲ್ಲ ಸಾರ್" ಎಂದರು. ವಿಮೆ ಇದ್ದದ್ದು ಗ್ರಾಹಕರ ಹೆಸರಿನಲ್ಲಿ. ನಷ್ಟವಾದರೆ ವಿಮಾ ಕಂಪನಿ ಗ್ರಾಹಕರಿಗೆ ಹಣ ಕೊಟ್ಟು, ಅದನ್ನು ವಸೂಲಿ ಮಾಡಲು ಸಾಗಣೆದಾರರ ಬಾಗಿಲಿಗೆ ಬರುತ್ತದೆ. 2007ರ ರಸ್ತೆ ಸಾಗಣೆ ಕಾಯ್ದೆಯ ಕೆಳಗೆ ಮಾಡಿದ ನಿಯಮಗಳು, ಹೆಚ್ಚಿನ ಮೌಲ್ಯ ಘೋಷಿಸಿ ಹೆಚ್ಚಿನ ದರ ಕೊಡದೆ ಇದ್ದರೆ, ಸಾಗಣೆದಾರರ ಹೊಣೆಯನ್ನು ಬಾಡಿಗೆಯ ಹತ್ತು ಪಟ್ಟಿಗೆ ಮಿತಿಗೊಳಿಸುತ್ತವೆ. ಆದರೆ ಇವರು ಸಹಿ ಹಾಕಿದ್ದ ಕರಾರಿನಲ್ಲಿ, ಚಾಲಕರ ನಿರ್ಲಕ್ಷ್ಯದಿಂದ ಆದ ನಷ್ಟವನ್ನು ಪೂರ್ತಿ ಭರಿಸುತ್ತೇವೆ ಎಂಬ ಒಂದು ಸಾಲಿತ್ತು. ಹದಿನಾಲ್ಕನೇ ಪುಟದಲ್ಲಿ. ಆ ಪುಟ ತೆಗೆದು ತೋರಿಸಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು.

ಸೀಲ್ ಮುಟ್ಟದೆ ತೆರೆದ ಬಾಗಿಲು

ಮೊದಲ ವಾರ ಲಾರಿಗಳನ್ನು ನೋಡಿದೆವು. ಬಾಗಿಲಿಗೆ ಬೋಲ್ಟ್ ಸೀಲ್, ಅಂದರೆ ಕತ್ತರಿಸದೆ ತೆಗೆಯಲಾಗದ, ಮೈಮೇಲೆ ಸಂಖ್ಯೆ ಇರುವ ಕಬ್ಬಿಣದ ಮೊಳೆ, ಹಾಕುವ ಪದ್ಧತಿ ಮೊದಲೇ ಇತ್ತು. ಒಳ್ಳೆಯ ಸೀಲ್‌ಗಳೇ. ಐಎಸ್‌ಒ 17712 ಮಾನದಂಡದಂತೆ ಮೈಮೇಲೆ "ಎಚ್" ಗುರುತು ಇದ್ದವು. ಸುಮಾರು ಒಂದು ಟನ್ ತೂಕ ಜಗ್ಗಿದರೂ ಕಳಚಿಕೊಳ್ಳಬಾರದು ಎಂಬುದು ಆ ಗುರುತಿನ ಅರ್ಥ. ಭಿವಂಡಿಯಲ್ಲಿ ಸೀಲ್ ಸಂಖ್ಯೆ ಹೊಂದಿದರೆ ಎಲ್ಲ ಸರಿ ಎಂದು ಎರಡೂ ಕಡೆಯವರು ಸಹಿ ಹಾಕುತ್ತಿದ್ದರು.

ಲಾರಿ ಬಾಡಿ ಕಟ್ಟುವ ಶೆಡ್ ಒಂದಕ್ಕೆ ಖಾಲಿ ಲಾರಿ ಒಯ್ದು, ಹೊಸ ಸೀಲ್ ಹಾಕಿ, ಅಲ್ಲಿನ ಮೇಸ್ತ್ರಿಗೆ "ಸೀಲ್ ಮುಟ್ಟದೆ ಬಾಗಿಲು ತೆಗೆಯಿರಿ" ಎಂದೆ. ಅವರು ಬಾಗಿಲ ಸುತ್ತ ಒಮ್ಮೆ ಕಣ್ಣಾಡಿಸಿದರು. ಸೀಲ್ ಕೂತಿದ್ದದ್ದು ಬಾಗಿಲ ಹಿಡಿಕೆಯಲ್ಲಿ. ಆ ಹಿಡಿಕೆ, ಬಾಗಿಲನ್ನು ಬಿಗಿಹಿಡಿಯುವ ಉದ್ದ ಸರಳಿಗೆ ಅಂಟಿಕೊಂಡಿದ್ದದ್ದು ಒಂದೇ ಒಂದು ರಿವೆಟ್‌ನಿಂದ. ಡ್ರಿಲ್ ಹಿಡಿದು ರಿವೆಟ್‌ನ ತಲೆ ಕೊರೆದರು. ಕಬ್ಬಿಣದ ಪುಡಿ ನೆಲಕ್ಕೆ ಉದುರಿತು. ಹಿಡಿಕೆ ಸೀಲ್ ಸಮೇತ ಪಕ್ಕಕ್ಕೆ ಬಂತು, ಸರಳು ತಿರುಗಿತು, ಬಾಗಿಲು ತೆರೆಯಿತು. ಮತ್ತೆ ಮುಚ್ಚಿ, ಹೊಸ ರಿವೆಟ್ ಹೊಡೆದು, ಮೇಲೆ ಒಂದು ಚೂರು ಬಣ್ಣ, ಬಣ್ಣದ ಮೇಲೆ ಒಂದು ಚಿಟಿಕೆ ಮಣ್ಣು. ಗಡಿಯಾರದಲ್ಲಿ ಹನ್ನೊಂದು ನಿಮಿಷ. ಮಾಲೀಕರು ಹತ್ತಿರ ಹೋಗಿ ಸೀಲ್ ಮೇಲೆ ಬೆರಳಾಡಿಸಿದರು. ಸಂಖ್ಯೆ ಅದೇ. "ಹಾಗಾದರೆ ಇಷ್ಟು ವರ್ಷ ನಾವು ಏನನ್ನು ನೋಡಿ ಸಹಿ ಹಾಕುತ್ತಿದ್ದೆವು?" ಎಂದು ಕೇಳಿದರು.

ಆ ಪ್ರಶ್ನೆ ಅವರ ಬಾಯಿಂದಲೇ ಬಂದದ್ದು ನನ್ನ ಕೆಲಸವನ್ನು ಅರ್ಧ ಹಗುರ ಮಾಡಿತು. ಎಂಟೂ ಲಾರಿಗಳ ಹಿಡಿಕೆಯ ರಿವೆಟ್ ತೆಗೆಸಿ, ಬೋಲ್ಟ್ ಹಾಕಿಸಿ ಬೆಸುಗೆ ಹೊಡೆಸಿದೆವು. ಕೀಲುಗಳ ಪಿನ್ ಹೊರಗಿನಿಂದ ಬಡಿದು ಎಬ್ಬಿಸಲಾಗದಂತೆ ಮಾಡಿಸಿದೆವು. ಸೀಲ್ ಜಾಗವನ್ನು ಹಿಡಿಕೆಯಿಂದ ಬದಲಿಸಿ, ಬಾಗಿಲಿಗೇ ಬೆಸೆದ ದಪ್ಪ ತಗಡಿನ ರಂಧ್ರಕ್ಕೆ ತಂದೆವು. ಅದರ ಜೊತೆಗೆ ಪ್ರತ್ಯೇಕ ಬೀಗ, ಬೀಗದ ಮೇಲೆ ಕಬ್ಬಿಣದ ಗೂಡು. ಚಾಲಕರು ಪ್ರತಿ ನಿಲುಗಡೆಯ ನಂತರ ಸೀಲನ್ನು ನೋಡುವುದು, ಸಂಖ್ಯೆ ಓದಿ ಹೊಂದಿಸುವುದು, ಜಗ್ಗುವುದು, ತಿರುಚುವುದು ಎಂಬ ನಾಲ್ಕು ಕೆಲಸ ಮಾಡಿ ಫೋಟೊ ಕಳುಹಿಸಬೇಕು ಎಂದಾಯಿತು. ತಿರುಚುವುದು ಏಕೆ ಎಂದು ಎಲ್ಲರೂ ಕೇಳಿದರು. ಕತ್ತರಿಸಿ ಅಂಟಿಸಿದ ಸೀಲ್ ಜಗ್ಗಿದಾಗ ಗಟ್ಟಿಯಾಗಿಯೇ ಇರಬಹುದು, ತಿರುಚಿದಾಗ ಕೈಗೆ ಬರುತ್ತದೆ.

ಕ್ಯಾಬಿನ್ ಕಡೆಯ ಗೋಡೆಗೆ ಒಳಗಿನಿಂದ ಇನ್ನೊಂದು ಉಕ್ಕಿನ ಹಾಳೆ ಹಾಕಿಸಿ ಎಂದಾಗ ಮಾತ್ರ ಮಾಲೀಕರು ಹಿಂಜರಿದರು. ತೂಕ ಹೆಚ್ಚುತ್ತದೆ, ಅಲ್ಲಿಂದ ಯಾರು ಬರುತ್ತಾರೆ ಎಂದು. ಕೊನೆಗೆ ಹಾಕಿಸಿದರು. ನಮ್ಮ ಕೆಲಸ ಮುಗಿದ ಮೇಲೆ, 2024ರ ನವೆಂಬರ್‌ನಲ್ಲಿ, ದೆಹಲಿ ಕಡೆಯಿಂದ ಬೆಂಗಳೂರಿಗೆ ಬರುತ್ತಿದ್ದ ಕಂಟೈನರ್ ಲಾರಿಯೊಂದರಿಂದ ಐದು ಸಾವಿರಕ್ಕೂ ಹೆಚ್ಚು ಫೋನ್‌ಗಳು ಮಾಯವಾಗಿ, ಲಾರಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನಿಂತಿತ್ತು. ಕ್ಯಾಬಿನ್ ಕಡೆಯಿಂದಲೇ ಕಂಟೈನರ್‌ಗೆ ಕಿಂಡಿ ಕೊರೆದಿದ್ದರು. ಪತ್ರಿಕೆಯಲ್ಲಿ ಸುದ್ದಿ ಓದಿದ ದಿನ ಮಾಲೀಕರೇ ಫೋನ್ ಮಾಡಿ ಆ ಹಾಳೆಯ ಮಾತು ತೆಗೆದರು.

ಸುಮ್ಮನಾದ ಜಿಪಿಎಸ್

ಎಲ್ಲ ಲಾರಿಗಳಲ್ಲೂ ಜಿಪಿಎಸ್ ಇತ್ತು. ಡ್ಯಾಶ್‌ಬೋರ್ಡ್ ಕೆಳಗೆ, ಎಲ್ಲರಿಗೂ ಕಾಣುವಂತೆ, ಕೆಂಪು ದೀಪ ಮಿನುಗಿಸುತ್ತ. ಅದರ ಫ್ಯೂಸ್ ಕಿತ್ತು ಮೊಬೈಲ್ ಚಾರ್ಜರ್‌ಗೆ ಬಳಸುತ್ತಿದ್ದ ಕ್ಲೀನರ್‌ಗಳೂ ಇದ್ದರು. ಇನ್ನೊಂದು ಸಾಧನವನ್ನು ಕಂಟೈನರ್‌ನೊಳಗೆ, ಸ್ವಂತ ಬ್ಯಾಟರಿಯೊಂದಿಗೆ, ಮಾಲೀಕರಿಗೂ ಒಬ್ಬ ಮೆಕ್ಯಾನಿಕ್‌ಗೂ ಮಾತ್ರ ಗೊತ್ತಿರುವ ಜಾಗದಲ್ಲಿ ಕೂರಿಸಿದೆವು. ಬಾಗಿಲಿಗೆ ಸೆನ್ಸರ್, ಚಾಲಕರ ಕೈಗೆ ಸಿಗುವಲ್ಲಿ ಸದ್ದಿಲ್ಲದ ತುರ್ತು ಗುಂಡಿ. ಇವೆಲ್ಲ ಹಣ ಕೊಟ್ಟರೆ ಒಂದು ತಿಂಗಳಲ್ಲಿ ಆಗುವ ಕೆಲಸ, ಹಾಗೆಯೇ ಆಯಿತು.

ತೊಂದರೆ ಇದ್ದದ್ದು ಕಚೇರಿಯ ಮಹಡಿಯ ಕೋಣೆಯಲ್ಲಿ. ರಾತ್ರಿ ಪಾಳಿಯ ಹುಡುಗನೊಬ್ಬ ಪರದೆ ನೋಡುತ್ತ ಕೂರುತ್ತಿದ್ದ. ನಾನು ಹೋದ ರಾತ್ರಿ ಕಂಪ್ಯೂಟರ್‌ನ ಸದ್ದು ಪೂರ್ತಿ ಬಂದ್ ಆಗಿತ್ತು. ಕೇಳಿದ್ದಕ್ಕೆ ಅವನು ಮುಚ್ಚುಮರೆ ಮಾಡಲಿಲ್ಲ: "ಸಾರ್, ಒಂದು ರಾತ್ರಿಗೆ ನಲವತ್ತು ಸಲ ಬಡಿದುಕೊಳ್ಳುತ್ತದೆ. ಮೊದಮೊದಲು ಪ್ರತಿ ಸಲವೂ ಡ್ರೈವರ್‌ಗೆ ಫೋನ್ ಮಾಡುತ್ತಿದ್ದೆ. ಅವರು ಬೈಯುತ್ತಿದ್ದರು." ತಪ್ಪು ಅವನದ್ದಲ್ಲ. ನೆಟ್‌ವರ್ಕ್ ಸಿಗದ ಪ್ರತಿ ಜಾಗದಲ್ಲೂ ಯಂತ್ರ ಎಚ್ಚರಿಕೆ ಕೊಡುತ್ತಿತ್ತು, ನಿಜವಾದ ಅಪಾಯದ ಸದ್ದೂ ಸುಳ್ಳು ಸದ್ದೂ ಒಂದೇ ತರಹ ಇತ್ತು.

ಕಳ್ಳರು ಜಾಮರ್ ಬಳಸುತ್ತಾರೆ. ಸಿಗರೇಟು ಪೊಟ್ಟಣದಷ್ಟು ಚಿಕ್ಕ ಸಾಧನವೂ ಉಪಗ್ರಹದಿಂದ ಬರುವ ಕ್ಷೀಣ ಸಂಕೇತವನ್ನು ಮುಚ್ಚಿಹಾಕಬಲ್ಲದು. ಹಾಗಿದ್ದರೆ ಲಾರಿ ಪರದೆಯಿಂದ ಮಾಯವಾದಾಗ ಅದು ನೆಟ್‌ವರ್ಕ್ ಇಲ್ಲದ ಕಣಿವೆಯೋ ಜಾಮರೋ ಎಂದು ತಿಳಿಯುವುದು ಹೇಗೆ? ಗುಟ್ಟು ಸರಳವಾಗಿದೆ. ಮೊಬೈಲ್ ನೆಟ್‌ವರ್ಕ್ ಮಾತ್ರ ಹೋದರೆ ಸಾಧನ ತಾನಿರುವ ಜಾಗವನ್ನು ಬರೆದಿಟ್ಟುಕೊಂಡು, ನೆಟ್‌ವರ್ಕ್ ಬಂದ ಕೂಡಲೇ ಒಟ್ಟಿಗೆ ಕಳುಹಿಸುತ್ತದೆ. ಜಾಮರ್ ಇದ್ದಾಗ ಬರೆದಿಡಲು ಜಾಗದ ಮಾಹಿತಿಯೇ ಇರುವುದಿಲ್ಲ, ಆ ನಿಮಿಷಗಳು ಖಾಲಿ. ಆದರೆ ಇದು ತಿಳಿಯುವುದು ಆಮೇಲೆ. ಆ ಹೊತ್ತಿಗೇ ತಿಳಿಯಬೇಕೆಂದರೆ ಸಹಜವಾಗಿ ನೆಟ್‌ವರ್ಕ್ ಸಾಯುವ ಜಾಗಗಳು ಮೊದಲೇ ಗೊತ್ತಿರಬೇಕು. ಆ ಹುಡುಗನನ್ನೇ ಲಾರಿಯಲ್ಲಿ ಭಿವಂಡಿಗೆ ಕಳುಹಿಸಿದೆವು. ಅದುವರೆಗೆ ಅವನು ಆ ದಾರಿಯನ್ನು ಪರದೆಯ ಮೇಲಿನ ನೀಲಿ ಗೆರೆಯಾಗಿ ಮಾತ್ರ ನೋಡಿದ್ದ. ಹೋಗುತ್ತ ಬರುತ್ತ ಒಂಬತ್ತು ಜಾಗಗಳನ್ನು ಬರೆದುಕೊಂಡು ಬಂದ, ಎಲ್ಲಿ ಎಷ್ಟು ನಿಮಿಷ ಎಂಬುದರ ಸಮೇತ. ಆ ಒಂಬತ್ತರಲ್ಲಿ ಲೆಕ್ಕದಷ್ಟು ನಿಮಿಷ ಮರೆಯಾದರೆ ಸದ್ದಿಲ್ಲ. ಬೇರೆಲ್ಲೇ ಮರೆಯಾದರೂ ಚಾಲಕರಿಗೆ ಕರೆ, ಉತ್ತರವಿಲ್ಲದಿದ್ದರೆ ಮಾಲೀಕರಿಗೆ, ನಂತರ 112ಕ್ಕೆ. ನಲವತ್ತು ಇದ್ದ ಎಚ್ಚರಿಕೆಗಳು ರಾತ್ರಿಗೆ ಮೂರೋ ನಾಲ್ಕೋ ಆದವು. ಸದ್ದು ಮತ್ತೆ ತೆರೆಯಿತು.

ಹೊಂಗೆ ಮರದ ಕೆಳಗಿನ ಪ್ರಶ್ನೆ

ಚಾಲಕರ ಹಿನ್ನೆಲೆ ಪರಿಶೀಲಿಸಬೇಕು, ಹಿಂದಿನ ಐದು ವರ್ಷ ಎಲ್ಲೆಲ್ಲಿ ಕೆಲಸ ಮಾಡಿದರು ಎಂಬ ದಾಖಲೆ ಬೇಕು ಎನ್ನುತ್ತದೆ ಮಾನದಂಡ. ನಮ್ಮ ಚಾಲಕರಲ್ಲಿ ಯಾರಿಗೂ ಒಂದೇ ಒಂದು ನೇಮಕಾತಿ ಪತ್ರವೂ ಇರಲಿಲ್ಲ. ಅವರ ಐದು ವರ್ಷ ಇದ್ದದ್ದು ಹಳೆಯ ಮಾಲೀಕರ ನೆನಪಿನಲ್ಲಿ. ಒಬ್ಬೊಬ್ಬರನ್ನೇ ಹುಡುಕಿ, "ಇವರು ಇಷ್ಟು ಕಾಲ ನಮ್ಮಲ್ಲಿದ್ದರು" ಎಂದು ಬರೆಸಿಕೊಂಡು ಬರುವುದಕ್ಕೆ ಮೂರು ತಿಂಗಳು ಹಿಡಿಯಿತು. ಪೊಲೀಸ್ ಪರಿಶೀಲನಾ ಪತ್ರ ತಂದಾಗ ಒಬ್ಬರ ಮೇಲೆ ಊರ ಜಾತ್ರೆಯ ಜಗಳದ ಹಳೆಯ ಪ್ರಕರಣ ಬಂತು. ಒಳ್ಳೆಯ ಚಾಲಕ. ಮಾಲೀಕರು ಅವರನ್ನು ಕೆಲಸದಿಂದ ತೆಗೆಯದೆ ಸಿಮೆಂಟ್ ಲೋಡಿನ ಲಾರಿಗೆ ಹಾಕಿದರು. ಅದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಉಳಿದವರಿಗೆ ನೇಮಕಾತಿ ಪತ್ರ, ತಿಂಗಳ ಸಂಬಳ, ಭವಿಷ್ಯನಿಧಿ ಬಂತು. ಮೊದಲು ಟ್ರಿಪ್ ಲೆಕ್ಕದ ಬಾಟಾ ಮಾತ್ರ ಇತ್ತು. ಡೀಸೆಲ್ ಉಳಿಸಿದರೆ, ದಾರಿಯಲ್ಲಿ ಇಬ್ಬರನ್ನು ಹತ್ತಿಸಿಕೊಂಡರೆ ನಾಲ್ಕು ಕಾಸು. ಅಪರಿಚಿತರನ್ನು ಹತ್ತಿಸಬೇಡಿ ಎಂದು ಗೋಡೆಗೆ ಅಂಟಿಸಿದ ಸೂಚನೆ ಆ ನಾಲ್ಕು ಕಾಸಿನ ಮುಂದೆ ನಿಲ್ಲುವುದಿಲ್ಲ. ತಿಂಗಳ ಸಂಬಳ ಅದರ ಮುಂದೆ ಗಟ್ಟಿಯಾಗಿ ನಿಂತಿತು.

ತರಬೇತಿ ನಡೆದದ್ದು ಕಚೇರಿ ಹಿಂದಿನ ಹೊಂಗೆ ಮರದ ಕೆಳಗೆ, 2024ರ ಜನವರಿಯಲ್ಲಿ. ಸಾವಿಗೆ ಕಾರಣವಾದ ಅಪಘಾತ ಮಾಡಿ, ತಿಳಿಸದೆ ಓಡಿಹೋಗುವ ಚಾಲಕರಿಗೆ ಹತ್ತು ವರ್ಷದವರೆಗೆ ಶಿಕ್ಷೆ ಎಂಬ ಹೊಸ ನ್ಯಾಯ ಸಂಹಿತೆಯ ಕಲಮಿನ ವಿರುದ್ಧ ದೇಶದೆಲ್ಲೆಡೆ ಚಾಲಕರು ಲಾರಿ ನಿಲ್ಲಿಸಿದ ತಿಂಗಳು ಅದು. ನಾನು ಹೇಳುತ್ತಿದ್ದೆ: ಕಾರೊಂದು ಅಡ್ಡ ಬಂದು, ನಮ್ಮ ಗಾಡಿಗೆ ತಗುಲಿಸಿದ್ದೀಯ ಇಳಿ ಎಂದರೆ ಇಳಿಯಬೇಡಿ, ನಿಲ್ಲಿಸಬೇಡಿ. ಹಿರಿಯೂರು ಕಡೆಯ ಒಬ್ಬ ಹಿರಿಯ ಚಾಲಕರು, ಇಪ್ಪತ್ತೆಂಟು ವರ್ಷ ಸ್ಟೀರಿಂಗ್ ಹಿಡಿದವರು, ಎದ್ದು ನಿಂತರು.

"ನಿಲ್ಲಿಸಿದರೆ ದರೋಡೆ ಅನ್ನುತ್ತೀರಿ. ನಿಲ್ಲಿಸದಿದ್ದರೆ ಹಿಟ್ ಅಂಡ್ ರನ್ ಅನ್ನುತ್ತಾರೆ. ನಿಜವಾಗಿಯೇ ತಗುಲಿದ್ದರೆ? ಜನ ಮುಂದೆ ಹಿಡಿದು ಹೊಡೆದರೆ ನೀವು ಇರುತ್ತೀರಾ ಸಾರ್?"

ನನ್ನ ಬಳಿ ಆ ದಿನ ಉತ್ತರ ಇರಲಿಲ್ಲ. ಕೈಪಿಡಿಯಲ್ಲೂ ಇರಲಿಲ್ಲ. ಒಂದು ವಾರ ತೆಗೆದುಕೊಂಡು, ವಕೀಲರೊಬ್ಬರನ್ನು ಕೂರಿಸಿಕೊಂಡು ಮತ್ತೆ ಬಂದೆ. ಮೋಟಾರು ವಾಹನ ಕಾಯ್ದೆಯ 134ನೇ ಕಲಮು, ಯಾರಿಗಾದರೂ ಗಾಯವಾಗಿದ್ದರೆ ಚಿಕಿತ್ಸೆ ಕೊಡಿಸುವುದು ಚಾಲಕರ ಕರ್ತವ್ಯ ಎನ್ನುತ್ತದೆ. ಜನರ ರೋಷ ಅಥವಾ ತನ್ನ ಹಿಡಿತದಲ್ಲಿಲ್ಲದ ಕಾರಣವಿದ್ದರೆ ಮಾತ್ರ ವಿನಾಯಿತಿ. ಪೊಲೀಸರು ಎದುರಿಗಿಲ್ಲದಿದ್ದರೆ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ತಿಳಿಸಬೇಕು. ಇದರ ಮೇಲೆ ನಮ್ಮ ನಿಯಮ ಕಟ್ಟಿದೆವು. ಮನುಷ್ಯರಿಗೆ ಪೆಟ್ಟಾಗಿದೆ ಎಂದು ಕಣ್ಣಿಗೆ ಕಂಡರೆ ನಿಲ್ಲಿಸಿ, ಗುಂಡಿ ಒತ್ತಿ, 112ಕ್ಕೆ ಕರೆ ಮಾಡಿ; ಸರಕಿನ ಚಿಂತೆ ಬೇಡ. ಗಾಡಿಗೆ ಗೀರು ಬಿದ್ದಿದೆ ಎಂಬ ಜಗಳವಾದರೆ ನಿಲ್ಲಿಸದೆ ಗುಂಡಿ ಒತ್ತಿ, ನಿಯಂತ್ರಣ ಕೊಠಡಿಗೆ ಹೇಳಿ, ಮುಂದಿನ ಟೋಲ್ ಅಥವಾ ಠಾಣೆಯಲ್ಲಿ ನಿಲ್ಲಿಸಿ. ಅಷ್ಟರಲ್ಲಿ ಕೊಠಡಿಯವರು ಪೊಲೀಸರಿಗೂ ಹೆದ್ದಾರಿಯ 1033 ಸಹಾಯವಾಣಿಗೂ ತಿಳಿಸಿರಬೇಕು, ಕರೆಯ ಸಮಯ ದಾಖಲಾಗಿರಬೇಕು. ಇದನ್ನು ಮಾಲೀಕರ ಸಹಿಯೊಂದಿಗೆ ಕನ್ನಡ, ಹಿಂದಿ, ಮರಾಠಿಯಲ್ಲಿ ಮುದ್ರಿಸಿ ಪ್ರತಿ ಲಾರಿಯಲ್ಲಿ ಇಟ್ಟೆವು. ಇದರಿಂದಾಗುವ ದಂಡ, ಪರಿಹಾರ, ಜಾಮೀನು ಎಲ್ಲವೂ ಸಂಸ್ಥೆಯದೇ ಎಂಬ ಸಾಲು ಅದರಲ್ಲಿತ್ತು. ಆ ಸಾಲು ಬರೆಸಿದ್ದು ಹಿರಿಯೂರಿನವರೇ. ಆಯುಧ ಹಿಡಿದು ನಿಂತರೆ ಕೀ ಕೊಟ್ಟುಬಿಡಿ ಎಂಬುದನ್ನು ಮೂರು ಸಲ ಹೇಳಿದೆ. ಸರಕು ಹೋದರೆ ಬರುತ್ತದೆ.

ಗೇಟಿನ ಗಡಿಯಾರ

ಇದುವರೆಗೆ ಹೇಳಿದ್ದೆಲ್ಲ ಮಾನದಂಡದ ಪಟ್ಟಿಯಲ್ಲಿ ಇದ್ದದ್ದು. ಈ ಪ್ರಕರಣದಲ್ಲಿ ನಾನು ನಿಜವಾಗಿ ಕಲಿತದ್ದು ಫೆಬ್ರುವರಿಯಲ್ಲಿ, ಮೂರು ತಿಂಗಳ ಜಿಪಿಎಸ್ ದಾಖಲೆಗಳನ್ನು ಹರಡಿಕೊಂಡು ಕೂತಾಗ. ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೆ: ಪ್ರತಿ ಟ್ರಿಪ್‌ನಲ್ಲಿ ರಾತ್ರಿ ಎರಡು ಗಂಟೆಗೆ ಲಾರಿ ಎಲ್ಲಿತ್ತು? ನಕ್ಷೆಯ ಮೇಲೆ ಒಂದೊಂದು ಚುಕ್ಕಿ ಇಡುತ್ತ ಹೋದೆ. ಮೊದಲ ರಾತ್ರಿಯ ಚುಕ್ಕಿಗಳೆಲ್ಲ ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ ಇರುವೆ ಸಾಲಿನಂತೆ ಮುತ್ತಿಕೊಂಡವು. ಎಂಟು ಲಾರಿ, ಮೂರು ತಿಂಗಳು, ಅದೇ ನಲವತ್ತು ಕಿಲೋಮೀಟರ್, ಅದೇ ಹೊತ್ತು. ಅಲ್ಲಿನ ಎರಡು ಡಾಬಾಗಳಲ್ಲಿ ಚಹಾ ಮಾರುವ ಹುಡುಗನಿಗೂ ಯಾವ ಲಾರಿಯಲ್ಲಿ ಏನಿದೆ ಎಂದು ಗೊತ್ತಿರುತ್ತದೆ.

ಏಕೆ ಅಲ್ಲೇ? ಚಾಲಕರ ಅಭ್ಯಾಸ ಎಂದರು ಗ್ರಾಹಕ ಸಂಸ್ಥೆಯವರು. ಲೆಕ್ಕ ಹಾಕಿದೆ. ಹೊಸಕೋಟೆಯ ಗೋದಾಮಿನಲ್ಲಿ ಲೋಡ್ ಮುಗಿದು ಗೇಟ್ ತೆರೆಯುತ್ತಿದ್ದದ್ದು ರಾತ್ರಿ ಒಂಬತ್ತಕ್ಕೆ. ದೊಡ್ಡಬಳ್ಳಾಪುರ, ದಾಬಸ್‌ಪೇಟೆ, ಸಿರಾ ದಾಟಿ ಐದು ಗಂಟೆ ಓಡಿದ ಲಾರಿ ಎರಡು ಗಂಟೆಗೆ ಹಿರಿಯೂರಿನ ಆಚೆಯೇ ಇರುತ್ತದೆ, ಯಾರೇ ಓಡಿಸಲಿ. ಚಾಲಕನಿಗೆ ನಿದ್ದೆ ಎಳೆಯುವುದೂ ಆ ಹೊತ್ತಿಗೇ. ಆ ಚುಕ್ಕಿಗಳನ್ನು ಇಟ್ಟದ್ದು ಗೇಟಿನ ಗಡಿಯಾರ. ಒಂಬತ್ತಕ್ಕೇ ಏಕೆ ಎಂದರೆ, ಹಗಲಲ್ಲಿ ಬೆಂಗಳೂರು ನಗರದೊಳಗೆ ಭಾರಿ ವಾಹನಗಳಿಗೆ ನಿರ್ಬಂಧವಿದ್ದುದರಿಂದ ಬಂದ ಹಳೆಯ ರೂಢಿ. ಈ ಲಾರಿಗಳು ನಗರದೊಳಗೆ ಹೋಗುವುದೇ ಇಲ್ಲ. ರೂಢಿ ಮಾತ್ರ ಉಳಿದಿತ್ತು.

ಇನ್ನೊಂದು ತುದಿ ಇದಕ್ಕಿಂತ ಬೇಸರ ತರಿಸಿತು. ಮೂವತ್ತು ಗಂಟೆಯಲ್ಲಿ ಭಿವಂಡಿ ಮುಟ್ಟಬೇಕು, ತಡವಾದರೆ ದಂಡ ಎಂಬ ಷರತ್ತಿತ್ತು. ಒಬ್ಬ ಚಾಲಕ, ಒಬ್ಬ ಕ್ಲೀನರ್. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ ಎಂಟು ಗಂಟೆ ಕೆಲಸ ಎಂದು ಆಗ ಜಾರಿಯಲ್ಲಿದ್ದ 1961ರ ಕಾಯ್ದೆ ಹೇಳುತ್ತಿತ್ತು. ಆ ಕಾಯ್ದೆಯನ್ನು ಮುರಿದು, ಕಣ್ಣು ಉರಿಸಿಕೊಂಡು ಬೆಳಗಿನ ಜಾವ ಮೂರಕ್ಕೆ ಲಾರಿ ಭಿವಂಡಿ ಮುಟ್ಟುತ್ತಿತ್ತು. ಗೇಟ್ ತೆರೆಯುವುದು ಹತ್ತಕ್ಕೆ. ಟೋಕನ್ ಸಿಕ್ಕಿ ಸರಕು ಇಳಿಯುವುದು ಮಧ್ಯಾಹ್ನ ಎರಡಕ್ಕೆ. ಹನ್ನೊಂದು ಗಂಟೆ ಕೋಟ್ಯಂತರ ರೂಪಾಯಿಯ ಸರಕು ಗೋಡೆಯಿಲ್ಲದ ರಸ್ತೆಬದಿಯಲ್ಲಿ, ಸ್ಟೀರಿಂಗ್ ಮೇಲೆ ತಲೆಯಿಟ್ಟು ಮಲಗಿದ ಒಬ್ಬ ಮನುಷ್ಯನ ಕಾವಲಿನಲ್ಲಿ. ಹೊರಟ ಗಳಿಗೆಯಿಂದ ಸರಕು ಇಳಿಯುವವರೆಗೆ 41 ಗಂಟೆ. ಅಷ್ಟು ಅವಸರಪಡಿಸಿ ಗಳಿಸಿದ್ದು ಒಂದು ನಿಮಿಷವೂ ಇಲ್ಲ.

ಹೊಸ ವೇಳೆ ಹೀಗೆ ಬರೆದೆವು. ಸಂಜೆ ಸಿದ್ಧವಾದ ಸರಕು ರಾತ್ರಿಯಿಡೀ ಗೋದಾಮಿನ ಒಳಗೇ ಇರಲಿ. ಲೋಡ್ ಬೆಳಗಿನ ಜಾವ, ಹೊರಡುವುದು ಆರಕ್ಕೆ. ಕ್ಲೀನರ್ ಬದಲು ಎರಡನೇ ಚಾಲಕರು. ಸಂಜೆ ಐದರ ಹೊತ್ತಿಗೆ ಹುಬ್ಬಳ್ಳಿ, ಅಲ್ಲಿ ಕಾಂಪೌಂಡ್, ದೀಪ, ಕ್ಯಾಮೆರಾ, ಕಾವಲುಗಾರರು ಇರುವ ಗೋದಾಮಿನ ಅಂಗಳದಲ್ಲಿ ರಾತ್ರಿ ತಂಗುವುದು. ಬಾಡಿಗೆ ಕೊಟ್ಟು ಕರಾರು ಮಾಡಿಕೊಂಡದ್ದು. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ರಾತ್ರಿ ಎಂಟರ ಹೊತ್ತಿಗೆ ಭಿವಂಡಿ. ಅಲ್ಲಿ ಒಂಬತ್ತರೊಳಗೆ ಬಂದ ಲಾರಿಯನ್ನು ಒಳಗೆ ಬಿಟ್ಟುಕೊಂಡು ಆ ರಾತ್ರಿಯೇ ಇಳಿಸಿಕೊಂಡರೆ ಒಟ್ಟು ಸಮಯ ಮೊದಲಿನಷ್ಟೇ. ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್‌ಗೂ ತೊಂದರೆಯಿಲ್ಲ, ದಿನಕ್ಕೆ 200 ಕಿಲೋಮೀಟರ್ ಲೆಕ್ಕದಲ್ಲಿ ಐದು ದಿನದ ಅವಧಿ ಇರುತ್ತದೆ.

ಇದನ್ನು ಗ್ರಾಹಕರ ಮುಂದಿಟ್ಟಾಗ ಒಂದು ವಿಚಿತ್ರ ತಿಳಿಯಿತು. ಪ್ರಮಾಣಪತ್ರ ಕೇಳಿದ್ದು ಅವರ ಭದ್ರತಾ ವಿಭಾಗ. ಮೂವತ್ತು ಗಂಟೆಯ ಷರತ್ತು ಬರೆದದ್ದು ಸಾಗಣೆ ವಿಭಾಗ. ಬಾಡಿಗೆ ನಿರ್ಧರಿಸುವುದು ಖರೀದಿ ವಿಭಾಗ. ಈ ಮೂವರು ಒಂದೇ ಮೇಜಿನ ಸುತ್ತ ಕೂತದ್ದು ಆ ದಿನವೇ ಮೊದಲು. ಎರಡನೇ ಚಾಲಕ, ಹುಬ್ಬಳ್ಳಿಯ ಅಂಗಳ, ನಿಯಂತ್ರಣ ಕೊಠಡಿ ಎಲ್ಲ ಸೇರಿ ಪ್ರತಿ ಟ್ರಿಪ್‌ಗೆ 9,000 ರೂಪಾಯಿ ಹೆಚ್ಚು ಬೇಕೆಂದು ಮಾಲೀಕರು ಕೇಳಿದರು. ಬೇರೆಯವರು ಹಳೆಯ ದರಕ್ಕೇ ಬರುತ್ತಾರೆ ಎಂದರು ಖರೀದಿಯವರು. "ಬರಲಿ ಸಾರ್. ಆದರೆ ಅವರಿಗೂ ಇದೇ ಕಾಗದ ಕೇಳಿ" ಎಂದು ಮಾಲೀಕರು ಶಾಂತವಾಗಿ ಹೇಳಿದರು. ಮೂರು ಸಭೆಗಳ ನಂತರ 6,000 ಒಪ್ಪಿದರು. ಗೇಟಿನ ವೇಳೆ ಬದಲಿಸಲು ಯಾರಿಗೂ ಒಂದು ಪೈಸೆ ಖರ್ಚಾಗಲಿಲ್ಲ, ಆದರೂ ಅದಕ್ಕೆ ಒಪ್ಪಿಗೆ ಸಿಗಲು ಏಳು ವಾರ ಹಿಡಿಯಿತು. ಏಪ್ರಿಲ್‌ನ ಗಡುವನ್ನು ಅವರೇ ಜುಲೈಗೆ ಮುಂದೂಡಿದರು.

ಪರಿಶೋಧನೆ ಮತ್ತು ನಂತರ

ಮೇ ತಿಂಗಳಲ್ಲಿ ಪರಿಶೋಧಕರು ಬಂದರು. ರಿವೆಟ್, ಸೆನ್ಸರ್, ದಾಖಲೆಗಳೆಲ್ಲ ಪಾಸಾದವು. ಎರಡು ಕೊರತೆ ಬರೆದರು. ಲಾರಿಗಳ ಹೆಚ್ಚುವರಿ ಕೀಗಳು ಕಚೇರಿಯ ಮೇಜಿನ ಖಾನೆಯಲ್ಲಿ, ಬೀಗವಿಲ್ಲದೆ, ಊದಿನಕಡ್ಡಿ ಪೊಟ್ಟಣದ ಪಕ್ಕದಲ್ಲಿದ್ದವು. ತಿಂಗಳುಗಟ್ಟಲೆ ಅದೇ ಮೇಜಿನ ಮುಂದೆ ಕೂತ ನನ್ನ ಕಣ್ಣಿಗೂ ಬಿದ್ದಿರಲಿಲ್ಲ. ಎರಡನೆಯದು, ಒಂದು ರಾತ್ರಿಯ ಎಚ್ಚರಿಕೆಗೆ ಕರೆ ಹೋಗಿದ್ದರೂ ಪುಸ್ತಕದಲ್ಲಿ ದಾಖಲಾಗಿರಲಿಲ್ಲ. ಕೊರತೆ ಸರಿಪಡಿಸಿ ಪುರಾವೆ ಕೊಡುವವರೆಗೆ ಪ್ರಮಾಣಪತ್ರ ಸಿಗುವುದಿಲ್ಲ. ಕೊಟ್ಟೆವು. ಜುಲೈನಲ್ಲಿ ಪತ್ರ ಬಂತು. ಭಿವಂಡಿಯ ಗೋದಾಮು ಬೇರೆಯವರ ನಿರ್ವಹಣೆಯದ್ದು. ಅಲ್ಲಿ ಗೇಟಿನೊಳಗೆ ನಿಲ್ಲಲು ಒಪ್ಪಿಗೆ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ. ಅಲ್ಲಿಯವರೆಗೆ ಇಬ್ಬರು ಚಾಲಕರೂ ಗೇಟಿನ ಹೊರಗೆ ಪಾಳಿಯಲ್ಲಿ ಎಚ್ಚರವಿದ್ದರು. ಪ್ರಮಾಣಪತ್ರ ಗೋಡೆಗೆ ತೂಗುಹಾಕಿದ್ದ ಎರಡು ತಿಂಗಳೂ ಈ ದಾರಿಯ ಅತ್ಯಂತ ಅಪಾಯದ ಜಾಗ ಹಾಗೆಯೇ ಇತ್ತು.

ಆಗಸ್ಟ್‌ನ ಒಂದು ಮಧ್ಯಾಹ್ನ, ಚಿತ್ರದುರ್ಗ ದಾಟಿದ ಮೇಲೆ, ಬಿಳಿ ಕಾರೊಂದು ಹಾರ್ನ್ ಹೊಡೆಯುತ್ತ ಲಾರಿಯ ಪಕ್ಕಕ್ಕೆ ಬಂತು. ಒಳಗಿದ್ದವರು ಕೈ ಬೀಸಿ ನಿಲ್ಲಿಸು ಎನ್ನುತ್ತಿದ್ದರು. ಓಡಿಸುತ್ತಿದ್ದವರು ಹಿರಿಯೂರಿನ ಅದೇ ಹಿರಿಯರು. ಗುಂಡಿ ಒತ್ತಿದರು, ನಿಲ್ಲಿಸಲಿಲ್ಲ. ಕೊಠಡಿಯಿಂದ 112ಕ್ಕೆ ಕರೆ ಹೋಯಿತು. ಹನ್ನೆರಡು ಕಿಲೋಮೀಟರ್ ಮುಂದೆ ಟೋಲ್‌ನಲ್ಲಿ ಲಾರಿ ನಿಂತಿತು, ಕಾರೂ ನಿಂತಿತು, ಪೊಲೀಸರೂ ಬಂದರು. ಕಾರಿನಲ್ಲಿ ಇದ್ದದ್ದು ಮದುವೆಗೆ ಹೊರಟಿದ್ದ ಒಂದು ಕುಟುಂಬ. ಹಿಂದಿನ ಬಾಗಿಲ ಮೇಲೆ ಉದ್ದಕ್ಕೆ ಗೀರು ಬಿದ್ದಿತ್ತು, ನಮ್ಮ ಲಾರಿಯದೇ. ಚಾಲಕರು ಮುದ್ರಿಸಿದ ಕಾಗದ ತೋರಿಸಿದರು. ಕಾರಿನವರು ಮೊದಲು ಕೂಗಾಡಿ, ಕಾಗದ ಓದಿ, ಆಮೇಲೆ ತಣ್ಣಗಾದರು. ಮಾಲೀಕರು ಫೋನಿನಲ್ಲೇ ಕ್ಷಮೆ ಕೇಳಿ 4,000 ರೂಪಾಯಿ ಕಳುಹಿಸಿದರು.

ಅಂದು ಸಂಜೆ ಹುಬ್ಬಳ್ಳಿಯ ಅಂಗಳದಿಂದ ಹಿರಿಯರು ನನಗೆ ಫೋನ್ ಮಾಡಿದರು. "ಆ ನಾಲ್ಕು ಸಾವಿರ ನನ್ನ ಸಂಬಳದಲ್ಲಿ ಹಿಡಿಯುವುದಿಲ್ಲ ತಾನೇ ಸಾರ್?" ಎಂದು ಕೇಳಿದರು. ಕಾಗದದ ಕೊನೆಯ ಸಾಲು ಓದಿ ಎಂದೆ. ಅವರು ಆ ಸಾಲನ್ನು ಫೋನಿನಲ್ಲಿ ನಿಧಾನವಾಗಿ ಓದಿದರು, ತಾವೇ ಬರೆಸಿದ್ದನ್ನು.